ಅಳಿಯನ ಇಸ್ತ್ರಿ, ಬೀಗರ ಬೂಟು

ಮೆಸ್ಸಿನ ಚಾಕು ಕಳೆದುಹೋದ ದಿನ ಕರ್ನಲ್ ಸಾಹೇಬರು ನನ್ನನ್ನೇ ಕರೆಸಿದರು. ಯಾಕಂದರೆ ಇಡೀ ಪಲ್ಟನ್ನಿನಲ್ಲಿ ನನ್ನ ಪ್ಯಾಂಟಿನ ಇಸ್ತ್ರಿ ಗೆರೆಯಷ್ಟು ಹರಿತವಾದದ್ದು ಬೇರೇನೂ ಇರಲಿಲ್ಲ. ನಾನು ಮೊಣಕಾಲು ಮುಂದೆ ಚಾಚಿ ನಿಂತೆ. ಸಾಹೇಬರು ಸೌತೆಕಾಯಿ ಹಿಡಿದು ಸರಸರ ಹೆಚ್ಚಿಕೊಂಡು, ಉಪ್ಪು ಹಾಕಿಕೊಂಡು ತಿಂದು ಹೋದರು.

ಸುಳ್ಳು. ಕರ್ನಲ್ ಸಾಹೇಬರು ನನ್ನ ಮೊಣಕಾಲನ್ನು ನೋಡಿದ್ದು ಒಂದೇ ಸಲ. ಅದೂ ಅಲ್ಲಿ ಸಾರಿನ ಕಲೆ ಇತ್ತು ಅಂತ. ಆದರೆ ಚಾ ಕುಡಿಯುತ್ತ ಕೇಳ್ರಿ, ಇಲ್ಲಿಂದ ಮುಂದೆ ಹೇಳುವುದೆಲ್ಲ ಖರೇ. ಹೆಚ್ಚುಕಮ್ಮಿ ಖರೇ.

ಯೂನಿಫಾರಂ ಅನ್ನುವ ವಸ್ತುವೇ ಹಂಗ, ನೋಡ್ರಿ. ಸುಮ್ಮನೆ ಗೂಟಕ್ಕೆ ನೇತುಹಾಕಿದರೂ ಏನಾದರೊಂದು ಫಜೀತಿ ಮಾಡಿಕೊಂಡೇ ಇರುತ್ತದೆ. ನಾನು ಫೌಜಿನಿಂದ ರಿಟೈರಾಗಿ ಆಂಧ್ರದ ಆದೋನಿಯಲ್ಲಿ ಒಂದು ಹತ್ತಿ ಮಿಲ್ಲಿನ ಗೇಟಿನಲ್ಲಿ ಕೂತಿದ್ದೇನೆ. ಬಂದೂಕು ಹೋಯಿತು, ಮಡಚಿ ಇಟ್ಟ ಹಾಸಿಗೆ ಹೋಯಿತು, ಬೆಳಗಿನ ಓಟವಂತೂ ಮೊದಲು ಹೋಯಿತು. ಯೂನಿಫಾರಂ ಫಜೀತಿ ಮಾತ್ರ ಮನೆತನಕ ಹಿಂಬಾಲಿಸಿಕೊಂಡು ಬಂತು.

೧. ಟೋಪಿ

ಹೊಸ ಬೆರೆ, ಅಂದರೆ ಫೌಜಿನ ಉಣ್ಣೆಯ ಟೋಪಿ, ಈಗಷ್ಟೇ ಹಂಚಿನಿಂದ ತೆಗೆದ ರೊಟ್ಟಿ. ತಲೆಯ ಮೇಲೆ ಇಟ್ಟರೆ ನಾಲ್ಕೂ ಕಡೆ ಜೋಲುತ್ತದೆ. ಅದನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ತಲೆಗೆ ಹಾಕಿಕೊಂಡು, ಒಂದು ಪಕ್ಕಕ್ಕೆ ಎಳೆದು, ಒಣಗುವ ತನಕ ಹಾಗೇ ತಿರುಗಾಡಬೇಕು. ಆಗ ಅದು ತಲೆಯ ಆಕಾರಕ್ಕೆ ಕೂಡುತ್ತದೆ.

ಟ್ರೇನಿಂಗಿನಲ್ಲಿ ನಮ್ಮ ಕಡೆಯ ಒಬ್ಬ ಹೊಸ ಹುಡುಗನಿದ್ದ. ಅವನು ಒಬ್ಬ ಸೀನಿಯರ್‌ನನ್ನು ಕೇಳಿದ, "ಅಣ್ಣಾ, ಟೋಪಿ ಜೋಲ್ತೈತಿ, ಏನ್ ಮಾಡ್ಲಿ?"

ಸೀನಿಯರ್ ಗಂಭೀರವಾಗಿ ಹೇಳಿದ, "ನೀರಿಲೆ ಆಗಲ್ಲ ತಮ್ಮ. ಗಂಜಿ ಹಚ್ಚು. ಅನ್ನದ ಗಂಜಿ. ಗಟ್ಟಿ ಇರ್ಬೇಕು, ಬಿಸಿ ಇರ್ಬೇಕು."

ಮರುದಿನ ಪರೇಡಿಗೆ ಆ ಟೋಪಿ ಕಲ್ಲಿನಲ್ಲಿ ಕೆತ್ತಿದಂತೆ ಕೂತಿತ್ತು. ಸುಬೇದಾರ್ ಸಾಹೇಬರು ಹುಡುಗನ ಮುಂದೆ ನಿಂತು ಉಳಿದವರಿಗೆ ಬೈದರು, "ನೋಡಿ ಕಲೀರಿ, ಟೋಪಿ ಅಂದರೆ ಇದು!" ಹುಡುಗನ ಎದೆ ಎರಡಂಗುಲ ಮುಂದೆ ಬಂತು. ಕೊನೆಗೆ ಜೈಕಾರ ಹಾಕುವಾಗ ಎಲ್ಲರೂ ಟೋಪಿ ತೆಗೆದು ಮೇಲೆ ಎತ್ತಬೇಕು. ಎಲ್ಲರ ಟೋಪಿ ಮೇಲೆ ಹೋಯಿತು. ಇವನದು ಹೋಗಲಿಲ್ಲ. ಸುಬೇದಾರ್ ಸಾಹೇಬರೇ ಬಂದು ಹಿಡಿದು ಎಳೆದರು. ಟೋಪಿಯ ಜೊತೆ ಹುಡುಗನೂ ಮೇಲೆ ಬಂದ.

ಕೊನೆಗೆ ಕ್ಷೌರದವನನ್ನು ಕರೆಸಿ ಇಬ್ಬರನ್ನೂ ಬೇರೆ ಮಾಡಿಸಿದರು. ಟೋಪಿಗೆ ಏನೂ ಆಗಲಿಲ್ಲ. ಕೂದಲೆಲ್ಲ ಅದರ ಪಾಲಿಗೇ ಹೋಯಿತು.

ಆ ಹುಡುಗ ಯಾರೋ ಬೇರೆಯವನು. ನೀವು ನನ್ನ ತಲೆಯ ಕಡೆ ನೋಡಬೇಡಿ. ಆದರೆ ನಾನು ಯಾವಾಗ ಸೀನಿಯರ್ ಆದೇನು ಅಂತ ಅವತ್ತಿನಿಂದ ಕಾದದ್ದು ಮಾತ್ರ ಹೌದು.

೨. ಅರಿಶಿಣ

ನಾನು ಇರುವುದು ಅಕ್ಕನ ಮನೆಯಲ್ಲಿ. ಅವಳ ಮಗನೂ ಈಗ ಮಿಲ್ಟ್ರಿಯಲ್ಲಿದ್ದಾನೆ. ನನ್ನನ್ನು ನೋಡಿ ಸೇರಿದ ಅಂತ ನಾನು ಹೇಳುತ್ತೇನೆ. ನನ್ನಿಂದ ದೂರ ಇರಲಿ ಅಂತ ಸೇರಿಸಿದೆ ಅಂತ ಅಕ್ಕ ಹೇಳುತ್ತಾಳೆ.

ಈ ವರ್ಷ ಅವನು ರಜೆಗೆ ಬಂದದ್ದು ಒಂದೇ ಕೆಲಸಕ್ಕೆ. ಪತ್ತಿಕೊಂಡದಲ್ಲಿ ಒಂದು ಹೆಣ್ಣು ನೋಡಿದ್ದೆವು. ಹುಡುಗಿ ಗ್ರಾಮ ಸಚಿವಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ರಿಟೈರಾದ ಬಸ್ ಕಂಡಕ್ಟರು. ಫೋಟೋ ಆ ಕಡೆ ಈ ಕಡೆ ಹೋಗಿ ಬಂದಿತ್ತು. ಫೋನ್ ನಂಬರೂ ಹೋಗಿ ಬಂದಿತ್ತು. ಅದು ಹಿರಿಯರಿಗೆ ಗೊತ್ತಿಲ್ಲ ಅಂತ ಇಬ್ಬರೂ ತಿಳಿದಿದ್ದರು. ಅವನಿಗೆ ಆಕೆಯೇ ಬೇಕು, ಆಕೆಗೆ ಇವನೇ ಬೇಕು. ಒಪ್ಪಬೇಕಾದವರು ಕಂಡಕ್ಟರ್ ಸಾಹೇಬರು ಒಬ್ಬರೇ. ಈ ರಜೆಯಲ್ಲಿ ಮಾತು ಆಗದಿದ್ದರೆ ಮಗಳನ್ನು ತನ್ನ ಅಕ್ಕನ ಮಗನಿಗೆ ಕೊಡುವುದಾಗಿ ಅವರು ಹೇಳಿಬಿಟ್ಟಿದ್ದರು.

ರಜೆ ಮುಗಿಸಿ ಅಳಿಯ ನೇರವಾಗಿ ಹೊಸ ಜಾಗಕ್ಕೆ ಹೋಗಬೇಕಿತ್ತು. ಅದಕ್ಕೇ ಟ್ರಂಕಿನಲ್ಲಿ ಹೊಸದಾಗಿ ಹೊಲಿಸಿದ ಯೂನಿಫಾರಂ ಇಟ್ಟುಕೊಂಡು ಬಂದಿದ್ದ. ಅವನು ಬಜಾರಿಗೆ ಹೋದಾಗ ಅಕ್ಕ ಟ್ರಂಕು ತೆಗೆದಳು. ನಮ್ಮಲ್ಲಿ ಹೊಸ ಬಟ್ಟೆ ಅಂದಮೇಲೆ ಮೂಲೆಗೆ ಅರಿಶಿಣ ಮುಟ್ಟಿಸದೆ ಮೈಗೆ ಹಾಕುವುದಿಲ್ಲ. ಸೀರೆಯಾದರೆ ಒಂದು ಮೂಲೆಗೆ ಸಾಕು. ಇದು ಗಡಿಗೆ ಹೋಗುವ ಬಟ್ಟೆ. ಅಕ್ಕ ಕಾಲರಿಗೆ, ತೋಳಿಗೆ, ಎರಡೂ ಜೇಬಿಗೆ, ಬೆನ್ನಿಗೆ, ಕೊನೆಗೆ ಪ್ಯಾಂಟಿನ ಎರಡೂ ಕಾಲಿಗೆ ಧಾರಾಳವಾಗಿ ಹಚ್ಚಿ, ಕೈಮುಗಿದು, ಮತ್ತೆ ಮಡಚಿಟ್ಟಳು.

ಅಳಿಯ ಬಂದು ನೋಡಿ ಟ್ರಂಕಿನ ಮುಂದೆ ಕುಸಿದ.

"ಏನ್ ಮಾಡಿಟ್ಟೀಯಮ್ಮ ಇದು? ಕಾಡಿನ್ಯಾಗ ನಿಂತ್ರ ಯಾರಿಗೂ ಕಾಣಬಾರ್ದು ಅಂತ ಈ ಬಣ್ಣ ಕೊಟ್ಟಾರ. ಈಗ ನಾ ಸೂರ್ಯಕಾಂತಿ ಹೊಲ ಕಂಡಂಗ ಕಾಣ್ತೀನಿ!"

ಅಕ್ಕ ಹಿಂಜರಿಯಲಿಲ್ಲ. "ಗುಂಡು ತಡೆಯೋ ಜಾಕೀಟು ಅವರು ಕೊಡ್ತಾರ. ದೃಷ್ಟಿ ತಡೆಯೋದು ಯಾರು ಕೊಡ್ತಾರ? ನಿಮ್ಮ ಸುಬೇದಾರಾ?"

ಅರಿಶಿಣದ ಕಲೆ ಬಿಸಿಲಿಗೆ ತಾನೇ ಹೋಗುತ್ತದೆ. ನಮ್ಮ ಆದೋನಿ ಬಿಸಿಲಿಗಂತೂ ಕಲೆಯ ಜೊತೆ ಬಟ್ಟೆಯ ಬಣ್ಣವೂ ಹೋಗುತ್ತದೆ. ಆದರೆ ಹುಡುಗ ಗಾಬರಿಯಲ್ಲಿ ಸೋಪು ಹಾಕಿ ತಿಕ್ಕಿದ. ಅರಿಶಿಣಕ್ಕೆ ಸೋಪು ತಾಗಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಜೇಬು, ತೋಳು, ಬೆನ್ನು, ಎಲ್ಲ ಕಡೆ ಕೆಂಪು. ಬಚ್ಚಲಿನಿಂದ ಕೆಂಪು ನೀರು ಹರಿದು ಓಣಿಯ ಗಟಾರಕ್ಕೆ ಬಂತು. ತಂತಿಯ ಮೇಲೆ ಎದೆಗೂ ಬೆನ್ನಿಗೂ ಕೆಂಪು ಮೆತ್ತಿದ ಮಿಲ್ಟ್ರಿ ಅಂಗಿ ನೇತಾಡಿತು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ನೋಡಿ ಸೆರಗು ಬಾಯಿಗೆ ಹಿಡಿದಳು. "ಅಯ್ಯೋ ದೇವುಡಾ! ಏನ್ರಿ ಅಣ್ಣಾ ಅದು ಕೆಂಪು?"

ನಾನು ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿ, ಒಂದು ಉಸಿರು ಬಿಟ್ಟು, ಇಷ್ಟೇ ಹೇಳಿದೆ: "ಕೇಳಬ್ಯಾಡ್ರಿ ತಾಯಿ. ಮಿಲ್ಟ್ರಿ ವಿಷಯ. ಹೇಳಂಗಿಲ್ಲ."

ಸಂಜೆಯ ಹೊತ್ತಿಗೆ ಕಲೆ ಬಿಸಿಲಿಗೆ ಹೋಗಿತ್ತು. ಸುದ್ದಿ ಮಧ್ಯಾಹ್ನದ ಬಸ್ಸಿಗೇ ಪತ್ತಿಕೊಂಡಕ್ಕೆ ಹೋಗಿತ್ತು.

೩. ಬಟನ್

ಮರುದಿನ ಬೆಳಗ್ಗೆ ಕಂಡಕ್ಟರ್ ಸಾಹೇಬರ ಫೋನು ಬಂತು.

"ಏನ್ರಿ, ನಿಮ್ಮ ಹುಡುಗಗ ಗುಂಡು ಬಿದ್ದೈತಂತ?"

"ಇಲ್ಲ ರೀ. ಅರಿಶಿಣ."

"ಅರಿಶಿಣ ಬಿದ್ದೈತಾ?"

"ಹೌದ್ರಿ. ಅವರಮ್ಮನೇ ಹಾಕಿದ್ದು."

"ನೋಡ್ರಿ," ಅಂದರು ಅವರು, ದನಿ ಬದಲಾಯಿತು. "ನಾ ಬಸ್ಸಿನ್ಯಾಗ ಬೋಗಸ್ ಪಾಸು ಹಿಡಿದು ಹಿಡಿದು ಮುದುಕ ಆದವ. ನಿನ್ನಿ ಗುಂಡು ಅಂದ್ರು, ಇವತ್ತು ಅರಿಶಿಣ ಅಂತೀರಿ. ಮೊನ್ನೆ ನಮ್ಮ ಸಂಬಂಧಿಕರ ಮನಿಗೆ ಒಬ್ಬ ಮಿಲ್ಟ್ರಿ ಬಟ್ಟಿ ಹಾಕ್ಕೊಂಡು ಹೆಣ್ಣು ನೋಡಾಕ ಬಂದಿದ್ದ. ಮೂರು ಸಲ ಉಪ್ಪಿಟ್ಟು ತಿಂದು ಹೋದ. ಆಮ್ಯಾಗ ನೋಡಿದ್ರ ಸೋಡಾ ಅಂಗಡ್ಯಾಗ ಬಾಟ್ಲಿ ತೊಳಿಯಾಂವ. ನಿಮ್ಮ ಹುಡುಗ ಯೂನಿಫಾರಂ ಹಾಕ್ಕೊಂಡು ನನ್ನ ಮುಂದ ನಿಲ್ಲಲಿ. ನಾನೂ ಖಾಕಿ ಹಾಕ್ಕೊಂಡವ. ಬಟನ್ ನೋಡಿ ಹೇಳ್ತೀನಿ, ಒರಿಜಿನಲ್ಲೋ ಬೋಗಸ್ಸೋ."

"ಫೋಟೋ ಐತಲ್ರಿ."

"ಫೋಟೋ ನಂಬಂಗಿದ್ರ ನಾ ಪೈಲಟ್ಟು. ಸ್ಟುಡಿಯೋದವ ನನ್ನ ವಿಮಾನದಾಗ ಕೂರ್ಸಿ ತಗದಾನ."

"ಕಾರ್ಡು..."

"ಕಾರ್ಡಿನ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ!"

ಅಳಿಯನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. "ಆಗಲ್ಲ ಮಾವ. ರಜಾದಾಗ ಯೂನಿಫಾರಂ ಹಾಕ್ಕೊಂಡು ಹೆಣ್ಣು ನೋಡಾಕ ಹೋಗೋಂಗಿಲ್ಲ. ಅದೇನು ಮದಿವಿ ಸೂಟಾ?"

"ಹಾಕ್ಕೊಳದಿದ್ರ ಹುಡುಗಿ ಹೋಗ್ತಾಳ."

"ಹಾಕ್ಕೊಂಡ್ರ ಮಾನ ಹೋಗ್ತೈತಿ."

ಹೀಗೆ ಹೇಳಿ ಅವನು ಗೋಡೆಯ ಕಡೆ ತಿರುಗಿ ಕೂತ. ಹುಡುಗ ಅಷ್ಟು ಸಪ್ಪಗೆ ಕೂತದ್ದು ನನಗೆ ನೋಡಲಾಗಲಿಲ್ಲ. ನಗಿಸೋಣ ಅಂತ ಒಳಗೆ ಹೋಗಿ, ನನ್ನ ಹಳೆಯ ಯೂನಿಫಾರಂ ತೆಗೆದು, ಬಾಗಿಲು ಹಾಕಿ ತೊಟ್ಟುಕೊಂಡೆ. ನನ್ನ ಎದೆ ಇದ್ದಲ್ಲೇ ಇತ್ತು, ಹೊಟ್ಟೆ ಮಾತ್ರ ಬಡ್ತಿ ಪಡೆದಿತ್ತು. ಉಸಿರು ಬಿಗಿಹಿಡಿದು ಬಟನ್ ಹಾಕಿ, ಹೊರಗೆ ಬಂದು ಅಳಿಯನ ಮುಂದೆ ನಿಂತು ಸೆಲ್ಯೂಟ್ ಹೊಡೆದೆ.

"ಹೆಂಗೈತಿ? ನಿನ್ನ ಬದಲಿಗೆ ನಾ ಹೋಗ್ಲಾ?"

ಮಾತಾಡಲು ಉಸಿರು ಬಿಡಬೇಕಾಯಿತು. ಹೊಟ್ಟೆಯ ಮೇಲಿನ ಬಟನ್ ಕಿತ್ತುಬಂದು, ಸುಯ್ ಅಂತ ಹಾರಿ, ಅಡುಗೆಮನೆಯಲ್ಲಿ ಅಕ್ಕನ ಕೈಯಲ್ಲಿದ್ದ ಸ್ಟೀಲ್ ಲೋಟಕ್ಕೆ ಟಣ್ ಅಂತ ಬಡಿಯಿತು. ಲೋಟ ಬಿತ್ತು, ಹಾಲು ಚೆಲ್ಲಿತು, ಅಕ್ಕ ಕಿರುಚಿದಳು.

ಅಳಿಯ ನಕ್ಕ. ನನ್ನ ಇಡೀ ಸರ್ವಿಸ್‌ನಲ್ಲಿ ನಾನು ಹಾರಿಸಿದ್ದು ಗುರಿಗೆ ತಾಗಿದ್ದು ಅದೊಂದೇ.

೪. ಸೀಟು

ಕೊನೆಗೆ ಅಳಿಯ ತೀರ್ಮಾನ ಮಾಡಿದ. ಬಿಳಿ ಅಂಗಿ, ಬೂದಿ ಬಣ್ಣದ ಪ್ಯಾಂಟು. ಯೂನಿಫಾರಂ ಇಲ್ಲ. ಒಪ್ಪಿದರೆ ಒಪ್ಪಲಿ.

ಆದರೆ ಆ ಪ್ಯಾಂಟಿಗೆ ಅವನು ಮಾಡಿದ ಇಸ್ತ್ರಿ ನೋಡಬೇಕಿತ್ತು ನೀವು. ಗಂಜಿ ಹಾಕಿ, ಒದ್ದೆ ಬಟ್ಟೆ ಮೇಲೆ ಹಾಸಿ, ಒತ್ತಿ ಒತ್ತಿ ಗೆರೆ ಎಬ್ಬಿಸಿದ್ದ. ದೊಡ್ಡ ಪರೇಡಿಗೆ ಹೋಗುವಾಗ ನಾವು ಲಾರಿಯಲ್ಲಿ ಕೂರುತ್ತಿರಲಿಲ್ಲ, ನಿಂತೇ ಹೋಗುತ್ತಿದ್ದೆವು. ಕೂತರೆ ಮೊಣಕಾಲಿನ ಹತ್ತಿರ ಗೆರೆ ಮುರಿಯುತ್ತದೆ ಅಂತ. ಅದೇ ಚಾಳಿ ಇವನಿಗೂ. ಆದೋನಿಯಲ್ಲಿ ಬಸ್ಸು ಹತ್ತಿದವನು ಖಾಲಿ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ನಾನು ಆ ಸೀಟಿನಲ್ಲಿ ಕಾಲು ಚಾಚಿ ಕೂತೆ.

ಆಸ್ಪರಿಯಲ್ಲಿ ಒಬ್ಬ ಅಜ್ಜಿ ಶೇಂಗಾದ ಚೀಲ ಹೊತ್ತು ಹತ್ತಿ ನನ್ನ ಹಿಂದೆ ಕೂತಳು. ಸ್ವಲ್ಪ ಹೊತ್ತು ಅಳಿಯನನ್ನೇ ನೋಡಿದಳು. ನನ್ನ ಬೆನ್ನಿಗೆ ತಿವಿದಳು.

"ಯಾಕಪ್ಪಾ, ಸೀಟು ಖಾಲಿ ಐತಿ, ಆ ಹುಡುಗ ಯಾಕ ನಿಂತಾನ?"

ಪ್ಯಾಂಟಿನ ಗೆರೆಗಾಗಿ ಒಬ್ಬ ಮನುಷ್ಯ ಪತ್ತಿಕೊಂಡದ ತನಕ ನಿಲ್ಲುತ್ತಾನೆ ಅಂದರೆ ಯಾರು ನಂಬುತ್ತಾರೆ? ನಾನು ಹಿಂದಕ್ಕೆ ಬಾಗಿ, ದನಿ ತಗ್ಗಿಸಿ ಹೇಳಿದೆ, "ಅಜ್ಜಿ, ಅವಗ ಕೂಡಾಕ ಆಗಂಗಿಲ್ಲ. ಅಲ್ಲೇ... ತ್ರಾಸ ಐತಿ."

"ಮೂಲವ್ಯಾಧ್ಯಾ?" ಅಜ್ಜಿ ಡ್ರೈವರಿಗೆ ಕೇಳುವಂತೆ ಕೇಳಿದಳು.

ಇಡೀ ಬಸ್ಸು ತಿರುಗಿ ಅಳಿಯನನ್ನು ನೋಡಿತು. ಅವನು ಕಿಟಕಿಯಾಚೆ ಹತ್ತಿ ಹೊಲದ ಕಡೆ ನೋಡುತ್ತಿದ್ದ, ಯಾರ ಬಗ್ಗೆ ಮಾತು ಅಂತ ಅವನಿಗೆ ಗೊತ್ತಾಗಲಿಲ್ಲ. ಅಜ್ಜಿ ಅಲ್ಲಿಂದ ಮುಂದೆ ಸುಮ್ಮನಾಗಲಿಲ್ಲ. ಮೂಲಂಗಿ ತಿನ್ನಬೇಕು, ಖಾರ ಬಿಡಬೇಕು, ಎಲ್ಲಕ್ಕಿಂತ ಹೆಚ್ಚು ಮಜ್ಜಿಗೆ ಕುಡಿಯಬೇಕು. ಮುಂದೆ ರಸ್ತೆ ಉಬ್ಬು ಬಂದಾಗ ಡ್ರೈವರು ಬಸ್ಸನ್ನು ಹೂವಿನಂತೆ ದಾಟಿಸಿ, ತಿರುಗಿ, "ಗಟ್ಟಿಗಾ ಪಟ್ಟುಕೋ ಬಾಬೂ" ಅಂತ, ಗಟ್ಟಿ ಹಿಡಿದುಕೋ ಅಂತ, ತೆಲುಗಿನಲ್ಲಿ ಅಳಿಯನಿಗೆ ಧೈರ್ಯ ಹೇಳಿದ. ಅಳಿಯ ನನ್ನ ಕಡೆ ನೋಡಿದ. "ಭಾಳ ಒಳ್ಳೆ ಡ್ರೈವರ್ ಮಾವ" ಅಂದ.

ಪತ್ತಿಕೊಂಡದಲ್ಲಿ ನಾವು ಇಳಿದೆವು. ಅಜ್ಜಿಯೂ ಇಳಿದಳು. ಅಳಿಯ ಪಾಪ, ಆಕೆಯ ಚೀಲ ಹೊತ್ತುಕೊಂಡ. ನಾವು ಬಲಕ್ಕೆ ತಿರುಗಿದೆವು, ಅಜ್ಜಿಯೂ ತಿರುಗಿದಳು. ಎಡಕ್ಕೆ ತಿರುಗಿದೆವು, ಅಜ್ಜಿಯೂ ತಿರುಗಿದಳು. ನಾನು ಹೆಜ್ಜೆ ನಿಧಾನ ಮಾಡಿದೆ. ಕಂಡಕ್ಟರ್ ಸಾಹೇಬರ ಬಾಗಿಲಿಗೆ ಬಂದು ನಿಂತಾಗ ಅಜ್ಜಿ ನಮಗಿಂತ ಮೊದಲು ಹೊಸ್ತಿಲು ದಾಟಿದಳು. ಮಗನ ಮನೆ. ಮೊಮ್ಮಗಳನ್ನು ನೋಡಲು ಗಂಡು ಬರುತ್ತಾನೆ ಅಂತ ಆಸ್ಪರಿಯ ಸಣ್ಣ ಮಗಳ ಮನೆಯಿಂದ ಓಡೋಡಿ ಬಂದಿದ್ದಳು.

ಅಜ್ಜಿ ಅಳಿಯನನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ತಿರುಗಿ ಕೂಗಿದಳು: "ಲೇ, ಇವರಿಗೆ ಕಾಫಿ ಕೊಡಬ್ಯಾಡ್ರಿ! ಮಜ್ಜಿಗಿ ತರ್ರಿ!"

೫. ಬೂಟು

ಕಂಡಕ್ಟರ್ ಸಾಹೇಬರು ಎದುರಿಗೆ ಕುರ್ಚಿ ಹಾಕಿ ಕೂತರು. ಅಜ್ಜಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರ ಮುಖ ನೋಡಿದರೆ ಏನು ಹೇಳಿದಳು ಅಂತ ಬೇರೆ ಕೇಳಬೇಕಿರಲಿಲ್ಲ.

"ಕೂಡ್ರಪ್ಪ."

"ಪರವಾಗಿಲ್ಲ ಸರ್."

"ಯೂನಿಫಾರಂ ಹಾಕ್ಕೊಂಡು ಬಾ ಅಂದಿದ್ದೆ."

"ರಜಾದಾಗ ಹಾಕಂಗಿಲ್ಲ ಸರ್."

"ಕೆಲ್ಸ ಯಾವ ಊರಾಗ?"

"ಹೇಳಂಗಿಲ್ಲ ಸರ್."

"ಅಲ್ಲೇನ್ ಮಾಡ್ತಿ?"

"ಅದೂ ಹೇಳಂಗಿಲ್ಲ ಸರ್."

ಕಂಡಕ್ಟರು ನನ್ನ ಕಡೆ ತಿರುಗಿದರು. "ಊರು ಹೇಳಂಗಿಲ್ಲ, ಕೆಲ್ಸ ಹೇಳಂಗಿಲ್ಲ, ಕೂಡಂಗೂ ಇಲ್ಲ. ಇವ ನನ್ನ ಬಸ್ಸಿನ್ಯಾಗ ಇದ್ದಿದ್ರ ಮುಂದಿನ ಸ್ಟಾಪಿಗೆ ಇಳಿಸ್ತಿದ್ದೆ."

ಒಳಬಾಗಿಲ ಪರದೆಯ ಹಿಂದೆ ಹುಡುಗಿಯ ಬೆರಳು ಕಾಣುತ್ತಿತ್ತು. ಪರದೆಯನ್ನು ಹಿಂಡುತ್ತಿತ್ತು. ಹಿರಿಯರು ಮಾತಾಡಬೇಕು ಅಂತ ಅಳಿಯನನ್ನು ಹೊರಗೆ ಕಳಿಸಿದರು. ಅವನು ಜೇಬು ತಡವಿಕೊಳ್ಳುತ್ತ ಹೋದ. ನಾನು ಒಳಗೆ ಕೂತು ಏನೇನೋ ಹೇಳಿದೆ. ನನ್ನ ಮಾತು ಹೆಚ್ಚಾದಷ್ಟೂ ಕಂಡಕ್ಟರ ಹುಬ್ಬು ಮೇಲೆ ಹೋಯಿತು. ಗುಂಡಿನ ಸುದ್ದಿ ಎಲ್ಲಿಂದ ಹುಟ್ಟಿತು ಅಂತ ಕೇಳಿದರು. ಮೂಲವ್ಯಾಧಿ ಎಲ್ಲಿಂದ ಹುಟ್ಟಿತು ಅಂತ ಕೇಳಿದರು. ಎರಡಕ್ಕೂ ಒಂದೇ ಉತ್ತರ ಇತ್ತು, ಅದು ಅವರ ಮುಂದೆಯೇ ಕೂತು ಅಜ್ಜಿಯ ಶೇಂಗಾ ತಿನ್ನುತ್ತಿತ್ತು.

"ಆತ್ರಿ," ಅಂದು ಅವರು ಎದ್ದರು. "ನನಗ್ಯಾಕೋ ನಂಬಿಕಿ ಬರವಲ್ದು. ಮಗಳನ್ನ ನಮ್ಮಕ್ಕನ ಮಗಗೇ ಕೊಡ್ತೀನಿ. ಈಗಲೇ ಹೋಗಿ ಅಕ್ಕಗ ಮಾತು ಕೊಟ್ಟು ಬರ್ತೀನಿ."

ಪರದೆ ಒಮ್ಮೆ ಜೋರಾಗಿ ಅಲುಗಿತು. ಕಂಡಕ್ಟರು ಹೆಗಲಿಗೆ ಟವಲ್ ಹಾಕಿಕೊಂಡು ಹೊರಗೆ ಹೋದರು. ಮರುಕ್ಷಣ ಅಲ್ಲಿಂದ ಕೂಗು ಬಂತು.

"ಕಳ್ಳ! ಕಳ್ಳ! ನನ್ನ ಬೂಟು ಹೋದ್ವು!"

ಎಲ್ಲರೂ ಓಡಿದೆವು. ಓಣಿಯವರೂ ಬಂದರು. ಬರುವಾಗ ಬಾಗಿಲಲ್ಲಿ ರಾಶಿ ಬಿದ್ದಿದ್ದ ಚಪ್ಪಲಿಗಳು ಈಗ ಗೋಡೆಗುಂಟ ಸಾಲಾಗಿ ನಿಂತಿದ್ದವು. ದೊಡ್ಡದರಿಂದ ಸಣ್ಣದಕ್ಕೆ, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಬೆರಳು ಹೊರಗೆ ಮಾಡಿ. ಸಾಲಿನ ಮುಂದೆ, ಕಮಾಂಡರಿನಂತೆ, ಕನ್ನಡಿ ಹಾಗೆ ಹೊಳೆಯುವ ಒಂದು ಜೊತೆ ಕರಿ ಬೂಟು.

"ನನ್ನವು ಬಿರಿದು ಬೂದಿ ಆಗಿದ್ವು," ಕಂಡಕ್ಟರು ಏದುಸಿರು ಬಿಡುತ್ತಿದ್ದರು. "ಡ್ಯೂಟಿ ಬೂಟು! ಅವನ್ನ ಒಯ್ದು ಯಾರೋ ಹೊಸಾವು ಬಿಟ್ಟು ಹೋಗ್ಯಾರ!"

"ಅಂಥ ಕಳ್ಳ ನಮ್ಮ ಮನಿಗೂ ಬರ್ಲಿ ಅಣ್ಣಾ," ಅಂದ ಪಕ್ಕದ ಮನೆಯವನು.

ಅಜ್ಜಿ ಬಗ್ಗಿ ಒಂದು ಬೂಟನ್ನು ಎತ್ತಿಕೊಂಡಳು. ಅದರ ಮೂತಿಯಲ್ಲಿ ತನ್ನ ಮುಖ ಕಂಡು, ಬಾಯಿ ಅಗಲಿಸಿ, ಒಂದು ಹಲ್ಲನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿಕೊಂಡಳು. ಆಮೇಲೆ ಬೂಟು ತಿರುಗಿಸಿ ಮಗನ ಮೂಗಿಗೆ ಹಿಡಿದಳು.

"ಇದೇನಲೇ ಇಲ್ಲಿ ಸೀಳು? ಕಾಲಿನ ಆಣಿಗೆ ಅಂತ ನೀನೇ ಬ್ಲೇಡಿಲೆ ಕೊಯ್ದಿದ್ದು. ನಿನ್ನವೇ ಇವು!"

ಕಂಡಕ್ಟರು ಕಾಲು ತೂರಿಸಿದರು. ಸೀಳಿನೊಳಗಿಂದ ಆಣಿ ಸರಿಯಾಗಿ ಹೊರಗೆ ಇಣುಕಿತು. ಅವರು ನಿಧಾನವಾಗಿ ತಲೆ ಎತ್ತಿದರು. ಕಟ್ಟೆಯ ಪಕ್ಕ ಅಳಿಯ ನೆಟ್ಟಗೆ ನಿಂತಿದ್ದ. ಒಂದು ಕೈಯಲ್ಲಿ ಪಾಲಿಶ್ ಡಬ್ಬಿ, ಇನ್ನೊಂದರಲ್ಲಿ ಕಪ್ಪಾದ ಹತ್ತಿಯ ಉಂಡೆ. ಹತ್ತಿ ನಮ್ಮ ಮಿಲ್ಲಿನದು.

"ನೀನಾ?"

"ಹೌದು ಸರ್."

"ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ ಸರ್. ಹೆದರಿಕಿ ಆಗಿತ್ತು ಸರ್. ಹೆದರಿಕಿ ಆದ್ರ ನನ್ನ ಕೈ ಸುಮ್ಮನ ಇರಂಗಿಲ್ಲ." ಆಮೇಲೆ ಬೂಟಿನ ಕಡೆ ನೋಡಿ ಬೇಸರದಿಂದ ಸೇರಿಸಿದ, "ಬಲಗಾಲಿಂದಕ್ಕ ಇನ್ನೊಂದು ಕೈ ಪಾಲಿಶ್ ಬೇಕಿತ್ತು ಸರ್. ನೀವು ಲಗೂನ ಬಂದ್ರಿ."

ಕಂಡಕ್ಟರು ಬೂಟು ನೋಡಿದರು. ಚಪ್ಪಲಿಯ ಸಾಲು ನೋಡಿದರು. ಸಾಲಿನ ತುದಿಯಲ್ಲಿ, ಎಲ್ಲಕ್ಕಿಂತ ದೂರ, ಪಿನ್ನು ಚುಚ್ಚಿದ ನನ್ನ ಚಪ್ಪಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಬಸ್ಸಿನ ಸುದ್ದಿ ಅಳಿಯನಿಗೆ ಗೊತ್ತಾಗಿತ್ತು ಅಂತ ನನಗೆ ಆಗ ತಿಳಿಯಿತು.

"ಬಟ್ಟಿ ಬೋಗಸ್ ಹಾಕ್ಕೊಬೌದು," ಅಂದರು ಕಂಡಕ್ಟರು, ಯಾರಿಗೂ ಅಲ್ಲ ಅನ್ನುವಂತೆ. "ಕಾರ್ಡು ಬೋಗಸ್ ಮಾಡ್ಬೌದು. ಆದ್ರ ಇಂಥಾ ಹುಚ್ಚು ಬೋಗಸ್ ಇರಾಕ ಸಾಧ್ಯನ ಇಲ್ಲ."

ಟವಲ್ಲನ್ನು ಹೆಗಲಿಂದ ತೆಗೆದು ಒಳಗೆ ಎಸೆದರು. ಅಕ್ಕನ ಮನೆಗೆ ಹೋಗುವುದು ಅಲ್ಲಿಗೆ ನಿಂತಿತು.

ಆಗ ಹುಡುಗಿ ಪರದೆ ಸರಿಸಿ, ಒಂದು ಸ್ಟೂಲು ತಂದು ಅಳಿಯನ ಮುಂದೆ ಇಟ್ಟು, ಒಂದೇ ಮಾತು ಹೇಳಿದಳು: "ಇನ್ನರ ಕೂಡ್ರಿ."

ಧಪ್ ಅಂತ ಕೂತ. ಸುಬೇದಾರ್ ಹೇಳಿದ್ದರೂ ಅಷ್ಟು ಬೇಗ ಕೂರುತ್ತಿರಲಿಲ್ಲ. ಮೊಣಕಾಲಿನ ಹತ್ತಿರ ಗೆರೆ ಮುರಿಯಿತು, ಅವನು ಆ ಕಡೆ ನೋಡಲೂ ಇಲ್ಲ. ಅಜ್ಜಿ ಕೈ ತಟ್ಟಿ ಓಣಿಗೆಲ್ಲ ಸಾರಿದಳು: "ನೋಡಿದ್ರಾ? ಕೂತ! ಒಂದೇ ಲೋಟ ಮಜ್ಜಿಗಿಗೆ!"

ನಿಶ್ಚಿತಾರ್ಥ ಆಯಿತು. ಅಳಿಯ ರಜೆ ಮುಗಿಯುವ ಮೊದಲು ಬೀಗರ ಮನೆಗೆ ಇನ್ನೊಮ್ಮೆ ಊಟಕ್ಕೆ ಹೋದ. ನಾನೂ ಹೋದೆ. ಓಣಿಯ ತಿರುವಿನಲ್ಲೇ ಇಬ್ಬರೂ ನಿಂತುಬಿಟ್ಟೆವು. ಕಂಡಕ್ಟರ್ ಮನೆ ಬಾಗಿಲಿನಿಂದ ನಾಲ್ಕು ಮನೆ ಆಚೆ ತನಕ ಬೂಟು, ಚಪ್ಪಲಿ, ಸ್ಕೂಲು ಮಕ್ಕಳ ಶೂ, ಯಾರದೋ ಮದುವೆಯ ಜೋಡು, ಎಲ್ಲ ಕ್ಯೂ ನಿಂತಿದ್ದವು. ಮುಂದೆ ಸ್ಟೂಲಿನ ಮೇಲೆ ಅಜ್ಜಿ ಕೂತು, ಕೋಲು ಹಿಡಿದು, "ತಳ್ಳಬ್ಯಾಡ್ರಿ, ಮಿಲ್ಟ್ರಿ ಅಳಿಯ ಬರಾಕತ್ತಾನ, ಎಲ್ಲರದೂ ಆಗ್ತೈತಿ" ಅಂತ ಕೂಗುತ್ತಿದ್ದಳು.

ಆಯಿತು, ಏಳೋಣ ನಡೀರಿ. ಚಾದ ರೊಕ್ಕ ಮಾತ್ರ ಇವತ್ತು ನೀವು ಕೊಟ್ಟುಬಿಡ್ರಿ. ನನ್ನ ಪಾಕೀಟು ಪ್ಯಾಂಟಿನ ಜೇಬಿನಲ್ಲೇ ಉಳಿದೈತಿ, ಪ್ಯಾಂಟು ಇಸ್ತ್ರಿಗೆ ಹೋಗೈತಿ.